ಮಸ್ಕತ್ತಿಗೆ ಎಷ್ಟು ರೊಟ್ಟಿ

ಕಲಬುರಗಿ ಬಸ್ ಸ್ಟ್ಯಾಂಡಿನ ಎದುರು, ಜೆರಾಕ್ಸ್ ಅಂಗಡಿಯ ಬಾಜೂಕೆ
ನಮ್ಮ ಟ್ರಾವೆಲ್ಸು. ಒಂದು ಮೇಜು, ನಾನು,
ರೆಕ್ಕೆಯ ತುದಿ ಮುರಿದ ಪ್ಲಾಸ್ಟಿಕ್ ವಿಮಾನ.

ಜಗದೇವಿ ಚಪ್ಪಲಿ ಹೊರಗೇ ಬಿಟ್ಟು ಬಂದಳು.
ಬ್ರಹ್ಮಪುರದ ಅರ್ಧ ಓಣಿಯ ಬೆನ್ನು
ಕೂಸಿದ್ದಾಗ ತಿಕ್ಕಿ ನೆಟ್ಟಗೆ ಮಾಡಿದ ಕೈ ಅವು.
ನನ್ನ ಬೆನ್ನೂ ಅದರಲ್ಲಿ ಒಂದು.

"ಹೈದರಾಬಾದಿನಿಂದ ಮಸ್ಕತ್ತು ಎಷ್ಟ್ ದೂರ ಆಗ್ತದವ್ವಾ?"
ಎರಡು ಸಾವಿರ ಕಿಲೋಮೀಟರು, ಮೇಲೆ ಚೂರು.
ಬ್ಯಾಂಕಿನವರು ಬಡ್ಡಿ ಹೇಳುವಾಗ ಕೇಳುವಂತೆ
ಸುಮ್ಮನೆ ಕೇಳಿಸಿಕೊಂಡಳು.
"ತಾಸು?"
ಮೂರೂವರೆ.
ಈಗ ಬೆರಳು ಮಡಚತೊಡಗಿದಳು.
"ನಾದೋದು ಬಿಟ್ಟು, ಬರೇ ಬಡಿಯೋದು, ಸುಡೋದು...
ನೂರಾ ಇಪ್ಪತ್ತು ರೊಟ್ಟಿ."
"ಇಲ್ಲಿಂದ ಹೈದರಾಬಾದು?"
ಹುಮನಾಬಾದ್ ಹಾದು, ಜಹೀರಾಬಾದಿನಲ್ಲಿ ಚಹಾಕ್ಕೆ ನಿಂತು
ಬಸ್ಸು ಆರು ತಾಸು ಹಿಡಿಯುತ್ತದೆ.
"ಅಂದ್ರ ಸಮುದ್ರ ನಮ್ಮ ರೋಡಿಗಿಂತ ಸಣ್ಣದು."

ಮಸ್ಕತ್ತಿನಲ್ಲಿ ಎಲ್ಲ ಸಿಗುತ್ತದಂತೆ,
ಬಾಣಂತಿಗೆ ಎರೆಯುವ ಕೈ ಮಾತ್ರ ಸಿಗುವುದಿಲ್ಲವಂತೆ.
ಟಿಕೆಟ್ಟಿನ ದುಡ್ಡು ಅವರೇ ಕಳಿಸಿದ್ದರು.
ಅಳ್ವಿ ಒಯ್ಯಬಹುದಾ? ಒಯ್ಯಿರಿ.
ಬಜಿ ಬೇರು? ಪೆಟ್ಟಿಗೆಯಲ್ಲಿ ಹಾಕಿರಿ.
ಹೊಗೆ ಹಾಕಲಿಕ್ಕೆ ಕುಳ್ಳು?
ಪಟ್ಟಿಯಲ್ಲಿ ಚಾಕು ಇತ್ತು, ಕತ್ತರಿ, ಪಟಾಕಿ, ಸಿಲಿಂಡರು;
ಕುಳ್ಳಿನ ಹೆಸರು ಯಾರೂ ಬರೆದಿರಲಿಲ್ಲ.
ಬ್ಯಾಡ ಅಂದೆ, ನನ್ನದೇ ಅಧಿಕಾರದಿಂದ.

ರಾತ್ರಿ ಒಂಬತ್ತಕ್ಕೆ ಹತ್ತಿದರೆ ಇಳಿಯುವಾಗ ಅಲ್ಲಿ ಹನ್ನೊಂದು.
"ಒಂಬತ್ತಕ್ಕ ಮೂರೂವರಿ ಕೂಡಿದ್ರ ಹನ್ನೆರಡೂವರಿ.
ಒಂದೂವರಿ ತಾಸು ಎಲ್ಲಿ ಹೋತು?"
ಅಲ್ಲಿಯ ಗಡಿಯಾರ ಹಿಂದೆ, ನಿಮಗೆ ಉಳಿಯುತ್ತದೆ.
"ಉಳೀತದ?"
ಆ ಪದವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವವಳಂತೆ ಎದ್ದಳು.
ಬರುವಾಗ ತಿರುಗಿ ಕೊಡಬೇಕು ಅನ್ನುವುದನ್ನು
ನಾನು ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ ಖರ್ಜೂರದ ಪೊಟ್ಟಣ ಹಿಡಿದು ಬಂದಳು.
ಮೊದಲ ದಿನವೇ ಲೋಬಾನದ ಹೊಗೆಗೆ
ಛತ್ತಿನ ಗಂಟೆ ಹೊಡಕೊಂಡು
ಒಂಬತ್ತು ಅಂತಸ್ತಿನ ಮಂದಿ ಮೆಟ್ಟಿಲಿಳಿದು ಓಡಿತಂತೆ.
ಕೂಸು ಮಲಗೇ ಇತ್ತಂತೆ.
ಕಿಟಕಿಯಲ್ಲಿ ಏನು ಕಂಡಿತು? ಕೇಳಿದೆ,
ಕೇಳಬೇಕೆಂದು ಅರವತ್ತು ದಿನ ಕಾದಿದ್ದೆ.
"ಹಂಚು. ಬೋರಲು ಹಾಕಿದ ಕರೀ ಹಂಚು.
ಮಸ್ಯಾಗ ಕಿಡಿ ಓಡ್ಯಾಡ್ತಾವಲ್ಲ, ಹಂಗ ದೋಣಿ ದೀಪ."

ಆಮೇಲೆ, ಚಹಾ ಆರುತ್ತಿರುವಾಗ,
"ಆ ಒಂದೂವರಿ ತಾಸು ಕಸಗೊಂಡ್ರು ನೋಡು ಬರೂಮುಂದ.
ಗೊತ್ತಿತ್ತೇನು ನಿನಗ?"
ಗೊತ್ತಿತ್ತು.
"ಹ್ಞೂಂ. ಮತ್ತ ನೀ ಎಷ್ಟ್ ಸಲ ಹತ್ತೀದಿ?"
ಒಮ್ಮೆಯೂ ಇಲ್ಲ.

ಮೇಜು ಸುತ್ತಿ ನನ್ನ ಹಿಂದೆ ಬಂದು ನಿಂತಳು.
"ಕುಂತು ಕುಂತು ಬಗ್ಗೇದ,"
ಎಂದು ಬೆನ್ನ ನಡುವೆ ಹೆಬ್ಬೆರಳು ಒತ್ತಿದಳು,
ಮೂವತ್ತೆರಡು ವರ್ಷದ ಹಿಂದೆ ಬಿಟ್ಟಿದ್ದ ಜಾಗಕ್ಕೇ.
ಹೊರಗೆ ಹುಮನಾಬಾದಿನ ಬಸ್ಸು ಹಾರ್ನು ಹೊಡೆಯುತ್ತಿತ್ತು.