ಬೆರಳಿನ ಅಳತೆ

ಸಿಂಕಿನ ಕೆಳಗಿನ ಬಕೆಟ್ಟು ಮೂರು ದಿನದಿಂದ
ರಾತ್ರಿಯೆಲ್ಲ ಎಣಿಸುತ್ತಿತ್ತು.
ಗೋದಾ ಅಂದಳು:
ಊರವರ ಹೊಟ್ಟೆ ಸುತ್ತಳತೆ ಬಾಯಿಪಾಠ,
ಮನೆ ತೂತು ಮಾತ್ರ ಕಾಣಂಗಿಲ್ಲ ನಿಮಗೆ.

ಅಂಗಾತ ಮಲಗಿ ಬಟ್ಟಲು ತಿರುಚಿದೆ.
ಸಾಸಿವೆ, ಮೆಣಸಿನಕಾಯಿ ತೊಟ್ಟು, ಮಂಡಕ್ಕಿಯ ಲೋಳೆ,
ನಾವೇ ಉಂಡದ್ದು, ಗುರುತು ಹತ್ತದಷ್ಟು ಕಪ್ಪಗೆ.
ನಡುವೆ ಸೀಳಿದ ವಾಷರು;
ಮುಟ್ಟಿದರೆ ಹಳೆ ಇಲಾಸ್ಟಿಕ್ಕಿನ ಹಾಗೆ
ಪುಡಿ.

ಹೆಬ್ಬೆರಳಿಗೆ ತೋರುಬೆರಳು ತಾಗಿಸಿ
ಪೈಪಿನ ಬಾಯಿಗೆ ಹಿಡಿದೆ.
ಆ ಸುತ್ತು ಸಡಿಲಾಗದಂತೆ
ಮಂಡಿಪೇಟೆಯ ಕಡೆ ನಡೆದೆ.

ಅಶೋಕ ಟಾಕೀಸಿನ ಗೇಟು ಬಿದ್ದಿತ್ತು.
ಗೂಡ್ಸು. ಮುಗಿಯದ ಗೂಡ್ಸು.
ಡಬ್ಬಿಗಳು ಒಂದೊಂದೇ
ನನ್ನ ಬೆರಳ ತೂತಿನೊಳಗಿಂದ ದಾಟಿದವು.
'ಯಾರ ಬಳೆ ಅಳತೆ, ಟೇಲರ್ರೆ?'
ಸ್ಕೂಟರಿನಿಂದ ಯಾರೋ.
ಕೈ ಮುಗಿಯುವಂತಿಲ್ಲ, ಗೋಣು ಹಾಕಿದೆ.

ಹಾರ್ಡ್‌ವೇರ್ ಹಾಲೇಶಪ್ಪ
ಬೆರಳು ನೋಡಲಿಲ್ಲ, ಕೊರಳು ನೋಡಿದ.
ಟೇಪು ಅಲ್ಲೇ ಇತ್ತು,
ಬೆಳಿಗ್ಗೆಯಿಂದ ನೇತಾಡುತ್ತ.
ಪುಣ್ಯಾತ್ಮ, ನಗಲಿಲ್ಲ.
ಒಂದೂಕಾಲೋ ಒಂದೂವರೆಯೋ ಎಂದು ಕೇಳಿ
ನಾನು ತಡವರಿಸಿದ್ದಕ್ಕೆ
ಎರಡನ್ನೂ ಕಾಗದದಲ್ಲಿ ಸುತ್ತಿಕೊಟ್ಟ.
ಹದಿನಾಲ್ಕು ರೂಪಾಯಿ.

ಒಂದೂವರೆ ಕೂತಿತು.
ಗೋದಾ ಮೇಲಿಂದ ಒಂದು ಕೊಡ ಸುರಿದಳು,
ನಾನು ಕೆಳಗೆ, ಟಾರ್ಚಿನ ಜೊತೆ.
ಒಣಗಿತ್ತು.
ಆಮೇಲೆ ಎಲ್ಲಿಂದಲೋ ಒಂದು ಹನಿ ಮೂಡಿ
ಬೀಳಲೋ ಬೇಡವೋ ಅಂತ ನಿಂತಿತು.
ಅವಳೂ ಬಗ್ಗಿದಳು.
ಇಬ್ಬರೂ ಉಸಿರು ಹಿಡಿದು ನೋಡಿದೆವು.
'ಬಕೆಟ್ಟು ಇವತ್ತೊಂದು ರಾತ್ರಿ ಇರ್ಲಿ ಬಿಡ್ರಿ.'

ಒಂದೂಕಾಲಿನದು ಗುಂಡಿ ಡಬ್ಬಿ ಸೇರಿದೆ.
ಯಾವ ಅಂಗಿಗೂ ಆಗುವುದಿಲ್ಲ.
ಕಾಜಾ ಹೊಲಿಯುವಾಗ ಕೈಗೆ ಸಿಗುತ್ತದೆ,
ಮತ್ತೆ ಒಳಗೆ ಹಾಕುತ್ತೇನೆ.