ಹತ್ತು ನಿಮಿಷ ಮುಂದಿರುವ ಗಡಿಯಾರ

ಕೇಳು ದಾಕ್ಷಾಯಿಣಿ, ಹೆರಿಗೆ ರಜೆ ಮುಗಿಸಿ ಬಂದಿದ್ದೀಯ.
ಬಸ್ಸು ರಿಂಗ್ ರೋಡು ದಾಟೋದರೊಳಗೆ
ನನಗೆ ಗೊತ್ತಿರೋದನ್ನೆಲ್ಲ ಹೇಳಿಬಿಡ್ತೀನಿ,
ಆಮೇಲೆ ಮೆಷಿನ್ನಿನ ಸದ್ದಲ್ಲಿ ಯಾರ ಮಾತು ಯಾರಿಗೆ.

ಬೆಳ್ಳುಳ್ಳಿ ಭಾನುವಾರವೇ ಸುಲಿದಿಡು.
ಬಿಸಿನೀರಲ್ಲಿ ಒಂದು ಗಳಿಗೆ ನೆನೆಸು,
ಸಿಪ್ಪೆ ಹಳೇ ಮುನಿಸಿನ ಹಾಗೆ ತಾನೇ ಬಿಡುತ್ತೆ.
ಕಾಯಿ ತುರಿದು ಫ್ರೀಜರಿಗೆ ತಳ್ಳು.
ಅತ್ತೆ ತಂಗಳು ಅಂದರೆ ಅನ್ನಲಿ,
ಸಾರಿಗೆ ಬಿದ್ದ ಮೇಲೆ ಅವರೇ ಎರಡು ಸಲ ಬಡಿಸ್ಕೋತಾರೆ.

ನಮ್ಮ ಹಾಸನದ ಆಲೂಗೆಡ್ಡೆಗೆ ಬಿಂಕವಿಲ್ಲ,
ಯಾವುದರ ಜೊತೆಗೂ ಕೂರುತ್ತೆ.
ಕುಕ್ಕರಿನಲ್ಲಿ ಕೆಳಗೆ ಬೇಳೆ, ನಡುವೆ ಅನ್ನ, ಮೇಲೆ ಅದು.
ಮೂರು ಕೂಗು.
ಆ ಮೂರು ಕೂಗಿನ ಸಂದಿಯಲ್ಲಿ
ಒಬ್ಬಳ ಜಡೆ, ಒಬ್ಬನ ಹಲ್ಲು, ಹಾಲಿನ ಪ್ಯಾಕೆಟ್ಟು.
ನಾಲ್ಕನೇದು ಕೂಗಿತು ಅಂದರೆ ತಿಳ್ಕೋ,
ಯಾರಿಗೋ ಸಾಕ್ಸು ಸಿಕ್ಕಿಲ್ಲ.

ಸಾಕ್ಸು ಎಲ್ಲಾ ಒಂದೇ ಬಣ್ಣದ್ದು ತಗೋ,
ಸಂತೆಪೇಟೆಯಲ್ಲಿ, ಡಜನ್ ಲೆಕ್ಕ.
ಜೋಡಿ ಹುಡುಕೋ ಕೆಲಸವೇ ಇರಲ್ಲ.
ನಮ್ಮಪ್ಪ ಜೋಡಿ ಹುಡುಕೋದರಲ್ಲೇ ಮೂರು ವರ್ಷ ಸವೆಸಿದ,
ಸಿಕ್ಕಿದ್ದು ಮಂಜೇಗೌಡ. ಕೆಟ್ಟವನಲ್ಲ.
ಡಿಪೋದಲ್ಲಿ ರಾತ್ರಿ ಪಾಳಿ,
ನಾನು ಚಪ್ಪಲಿ ಮೆಟ್ಟುವಾಗ ಅವನು ಬಿಚ್ಚುತ್ತಾನೆ.
ಟಿಫನ್ ಡಬ್ಬಿ ದಾಟಿಸುವಾಗ ಬೆರಳು ತಾಗಿದರೆ
ವಾರದ ಮಾತೆಲ್ಲ ಅಷ್ಟರಲ್ಲೇ.

ಇಸ್ತ್ರಿ ಬೇಡ. ಒದ್ದೆ ಇರುವಾಗಲೇ
ಯೂನಿಫಾರ್ಮು ಕೊಡವಿ ಹ್ಯಾಂಗರಿಗೆ ಹಾಕು,
ಕಾಲರು ಮಾತ್ರ ಎಳೆದು ಅಂಗೈಯಲ್ಲಿ ತೀಡು.
ದಿನಕ್ಕೆ ಆರುನೂರು ಕಾಲರು ಹೊಲಿಯೋಳು ಹೇಳ್ತಿದೀನಿ,
ಜನ ನೋಡೋದು ಅದೊಂದನ್ನೇ.

ಮುದ್ದೆಗೆ ಮಾತ್ರ ಯಾವ ಉಪಾಯವೂ ಇಲ್ಲ, ಕೇಳಬೇಡ.
ಕೋಲು ಹಿಡಿ, ತಿರುವು.

ಇನ್ನು ನನ್ನ ದೊಡ್ಡ ಉಪಾಯ, ಗೋಡೆ ಗಡಿಯಾರ.
ಹತ್ತು ನಿಮಿಷ ಮುಂದಿಟ್ಟೆ.
ಮೊದಲ ವಾರ ಮನೆಯೆಲ್ಲ ಗಾಬರಿ, ಎಲ್ಲರೂ ಹೊತ್ತಿಗೆ ಮುಂಚೆ.
ಎರಡನೇ ವಾರ ಅತ್ತೆ ಕಳೆಯೋದು ಕಲಿತರು.
ಮೂರನೇ ವಾರ ನಾನೂ.
ಬಲೆ ಹೆಣೆದವಳೇ ನುಸುಳೋ ದಾರಿ ಕಂಡುಕೊಂಡ ಹಾಗೆ.

ಹೋದ ತಿಂಗಳು ತನ್ವಿತಳ ಗಣಿತದ ನೋಟ್‌ಬುಕ್ಕು ಬಂತು.
ಐದು ಗಡಿಯಾರದ ಚಿತ್ರ, ಸಮಯ ಬರೆಯಿರಿ.
ಐದೂ ತಪ್ಪು, ಐದಕ್ಕೂ ಕೆಂಪು ಗೀಟು.
ಮುಳ್ಳು ಸರಿಯಾಗಿ ಮೂರು ತೋರಿಸ್ತಿದೆ,
ಇವಳು ದುಂಡಗೆ ಬರೆದಿದ್ದಾಳೆ, ಎರಡು ಗಂಟೆ ಐವತ್ತು ನಿಮಿಷ.
"ಗಡಿಯಾರ ಸುಳ್ಳು ಹೇಳುತ್ತಲ್ಲಮ್ಮ, ಅದಕ್ಕೇ ಕಳೆದೆ."

ಮೇಡಂ ಕರೆಸಿದರು. ಅರ್ಧ ದಿನದ ಸಂಬಳ ಹೋಯಿತು.
ಬೆಳ್ಳುಳ್ಳಿಯಲ್ಲಿ, ಸಾಕ್ಸಿನಲ್ಲಿ ಚೂರು ಚೂರು ಉಳಿಸಿದ್ದನ್ನ
ಒಂದೇ ಮಧ್ಯಾಹ್ನ ನುಂಗಿ ನೀರು ಕುಡಿಯಿತು.
ಮೇಡಂ ಆಡಿದ್ದು ಎರಡೇ ಮಾತು, ಎರಡನೇದಕ್ಕೆ ನಕ್ಕರು.
ಉಳಿದ ಹೊತ್ತು ಏನು ಮಾಡೋದು?
ಮಹಾರಾಜ ಪಾರ್ಕಿಗೆ ಹೋದೆವು, ಚುರುಮುರಿ ತಿಂದೆವು.
ಅವಳ ಶೂ ಲೇಸು ಬಿಚ್ಚಿತ್ತು, ನನ್ನ ಕೈ ತಾನಾಗಿ ಮುಂದೆ ಹೋಯಿತು.
"ನಾನೇ" ಅಂದಳು.
ಒಂದು ಕುಣಿಕೆ, ಜಾರಿತು. ಮತ್ತೊಂದು. ನಾಲಿಗೆ ಹೊರಗೆ.
ಒಂದು ಅಳಿಲು ಬಂದು ಕಡಲೆಬೀಜ ಎತ್ತಿಕೊಂಡು ಹೋಯಿತು,
ಅದರ ಹಿಂದೆ ಇನ್ನೊಂದು ಬಂತು.
ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.
ವಾರದಲ್ಲಿ ಐದು ದಿನ ಆ ಲೇಸು ಕಟ್ಟೋಳು ನಾನು,
ಅವಳಿಗೆ ಬರುತ್ತೋ ಇಲ್ಲವೋ ಅನ್ನೋದೇ ಗೊತ್ತಿರಲಿಲ್ಲ.

ಗಡಿಯಾರ ಸರಿ ಮಾಡಿದೆಯಾ ಅಂತ ಕೇಳಬೇಡ.
ಇಲ್ಲ, ಮುಂದೇ ಇದೆ.
ಪುಸ್ತಕದ್ದು ಬೇರೆ, ನಮ್ಮನೇದು ಬೇರೆ ಅಂತ
ಅವಳೇ ಈಗ ತಮ್ಮನಿಗೆ ಪಾಠ ಮಾಡ್ತಾಳೆ.

ಏಳು, ಗೇಟು ಬಂತು. ಕಾರ್ಡು ಕೈಯಲ್ಲಿಟ್ಕೋ.
ಇನ್ನೊಂದು ಮಾತು.
ಹನ್ನೊಂದರ ಹೊತ್ತಿಗೆ ಎದೆ ಕಲ್ಲಾಗುತ್ತೆ ನಿಂಗೆ, ಹಾಲು ಕಟ್ಟಿ.
ಸೆರಗು ನೆನೆಯೋ ತನಕ ತಡ್ಕೋಬೇಡ, ಎದ್ದು ಹೋಗು.
ನಿನ್ನ ಮೆಷಿನ್ನಿನಲ್ಲಿ ನಾನು ಕೂತಿರ್ತೀನಿ
ಹತ್ತು ನಿಮಿಷ.
ಕಳೆಯೋ ಹಾಗಿಲ್ಲದ ಹತ್ತು.