ಹುಟ್ಟಿಗೆ ಕಿವಿಯಿಟ್ಟು

ಮಂಗಳವಾರ. ಕಡಲಿಗೆ ರಜೆ.
ದೋಣಿಗಳು ಮರಳ ಮೇಲೆ ಮಗ್ಗುಲಾಗಿವೆ,
ಬಲೆ ಹೊಲಿಯುವವರು ಕಾಲ್ಬೆರಳಿಗೆ ದಾರ ಸಿಕ್ಕಿಸಿ ಕೂತಿದ್ದಾರೆ.
ಮೀನಿಗೆ ಹೊಗೆ ಕೊಡುವ ನನ್ನ ಮಣ್ಣಿನೊಲೆಯ ಹತ್ತಿರ
ನೀನು ಬಂದು ಕೇಳುತ್ತೀ, ಅರಾಬಾ:
"ಚಿಕ್ಕಮ್ಮ, ಯಾರನ್ನು ನಂಬಲಿ?
ಸಾಲ್ಟ್‌ಪಾಂಡಿನ ದಾರಿಯುದ್ದಕ್ಕೂ
ಮೈಲಿಗೊಬ್ಬ ಪ್ರವಾದಿಯ ಫಲಕ,
ಎಲ್ಲರ ಕಂಕುಳಲ್ಲೂ ಅದೇ ಕಪ್ಪು ರಟ್ಟಿನ ಪುಸ್ತಕ."

ತಡಿ. ಈ ಸಾಲು ತಿರುವಿ ಹಾಕುತ್ತೇನೆ, ಸೀಯುತ್ತಿದೆ.

ನಿನ್ನಜ್ಜ ಅಬಾಕಾ ದೋಣಿಯ ಮೂತಿಯಲ್ಲಿ ಕೂತು
ಹುಟ್ಟನ್ನು ನೀರಿಗಿಳಿಸಿ, ಹಿಡಿಗೆ ಕಿವಿ ಹಚ್ಚುತ್ತಿದ್ದ.
ಹನ್ನೆರಡು ಜನ ಉಸಿರು ಬಿಗಿಹಿಡಿದು ಕೂರುತ್ತಿದ್ದರು.
ಕೆಳಗೆ ಮೀನಿನ ಹಿಂಡು ಹಾಯ್ದರೆ
ಮರದೊಳಗೆ, ಹಸಿ ಸೌದೆ ಚಟಪಟಿಸಿದಂಥ ಸದ್ದಂತೆ.
ಚಿಕ್ಕವಳಿದ್ದಾಗ ದಡದ ಮೊಣಕಾಲುದ್ದ ನೀರಲ್ಲಿ
ನಾನೂ ಕಿವಿಯಿಟ್ಟೆ, ಕುಣಿದಾಡಿದೆ:
"ಕೇಳಿಸಿತು! ಕೇಳಿಸಿತು!"
ಅಪ್ಪ ನಕ್ಕ: "ಅದು ನಿನ್ನದೇ ರಕ್ತ, ಮಗಳೇ.
ಅದನ್ನೂ ಮೀನನ್ನೂ ಬೇರೆ ಮಾಡಿ ಕೇಳಲು
ನನಗೆ ಹನ್ನೊಂದು ವರ್ಷ ಹಿಡಿಯಿತು."

ಕ್ವೆಸಿಗೆ ಜ್ವರ ಬಂದ ವರ್ಷ
ಆ ಮಾತು ಮರೆತಿದ್ದೆ. ನನ್ನದು ಹಿತ್ತಾಳೆ ಕಿವಿ ಆಗ.
ಲಾರಿ ನಿಲ್ದಾಣದಲ್ಲಿ ಬಿಳಿ ಕೋಟಿನ ಪ್ರವಾದಿ ಗಾಡ್ಸ್‌ವೇ
ಸಾವಿರ ಜನರ ನಡುವೆ ನನ್ನ ಹೆಸರು ಹಿಡಿದು ಕೂಗಿದ.
(ನೀರಿನ ಪೊಟ್ಟಣ ಮಾರುವ ಹುಡುಗ
ಸಾಲಲ್ಲೇ ಕೇಳಿ ಬರೆದುಕೊಂಡಿದ್ದ;
ಗೊತ್ತಾದದ್ದು ಎಷ್ಟೋ ದಿನಕ್ಕೆ.)
"ಮಾತ್ರೆ ಬೇಡ, ಸೂಜಿ ಬೇಡ, ನಂಬಿಕೆ ಸಾಕು" ಅಂದ.
ವಾರದಿಂದ ನನ್ನ ರಕ್ತವೂ ಅದನ್ನೇ ಕೂಗುತ್ತಿತ್ತು.
ದೇವರ ದನಿ ಅಂದುಕೊಂಡೆ.
ದೋಣಿಯ ಮೋಟಾರು ಮಾರಿ
ಒಂದು ಸೀಸೆ ಎಣ್ಣೆ ತಂದೆ.

ಹಣ್ಣು ನೋಡಿ ಮರ ತಿಳಿ ಅನ್ನುತ್ತಾರೆ.
ಹಣ್ಣಾಗುವ ತನಕ ಕಾಯುವ ತಾಳ್ಮೆ
ಜ್ವರದ ಮನೆಗೆ ಎಲ್ಲಿಂದ ಬರಬೇಕು?

ನಾಲ್ಕನೆಯ ರಾತ್ರಿ ಉಪದೇಶಿ ಟ್ಯಾಂಡೋ ಬಂದ,
ಯಾರೂ ಕರೆದಿರಲಿಲ್ಲ.
ಮಗುವನ್ನು ಬೆನ್ನಿಗೆ ಕಟ್ಟಿಕೊಂಡು
ಚೈನು ಕಳಚುವ ಸೈಕಲ್ಲಿನಲ್ಲಿ ಆಸ್ಪತ್ರೆಗೆ ತುಳಿದ.
ದಾರಿಯಲ್ಲಿ ಪ್ರಾರ್ಥನೆ ಮಾಡಿದೆಯಾ ಎಂದು ಕೇಳಿದರೆ
"ಏರುದಾರಿ ತಾಯಿ, ಉಸಿರಿರಲಿಲ್ಲ" ಅಂದ.
ಕ್ವೆಸಿ ಬದುಕಿದ. ಅವನ ಎಡಗಿವಿ ಬದುಕಲಿಲ್ಲ.

ಟ್ಯಾಂಡೋ ಸಂತನೇನಲ್ಲ, ಕೇಳು.
ಮದುವೆಗೆ ಮೊದಲೇ ಬಸುರಾದ ಎಸಿಯನ್ನು
ಭಾನುವಾರದ ಸಭೆಯಲ್ಲಿ ಹೆಸರೆತ್ತಿ ಹಳಿದ.
ನಾನು ಮೂರು ವಾರ ಗುಡಿಯ ಮೆಟ್ಟಿಲು ಹತ್ತಲಿಲ್ಲ.
ನಾಲ್ಕನೆಯ ವಾರ ಅದೇ ಜಾಗದಲ್ಲಿ ನಿಂತು,
ಅದೇ ಗಟ್ಟಿ ದನಿಯಲ್ಲಿ,
"ಎಸಿ, ನಾನು ನಿನಗೆ ಅನ್ಯಾಯ ಮಾಡಿದೆ" ಅಂದನಂತೆ.
ಆಮೇಲೆ ಈಸ್ಟರಿನ ತನಕ
ಮಕ್ಕಳ ಜೊತೆ ಕೊನೇ ಬೆಂಚಿನಲ್ಲಿ ಕೂತ.

ಕಾಣಿಕೆಯ ಲೆಕ್ಕದ ಪುಸ್ತಕ
ಬಾಗಿಲ ಮೊಳೆಗೆ ನೇತಾಡುತ್ತದೆ, ಹೋಗಿ ನೋಡು.
ಹೋದ ತಿಂಗಳು ಆರು ಸೀಡಿ ಕಡಿಮೆ ಬಿತ್ತು.
"ಕಡಿಮೆ ಬಿದ್ದಿದೆ, ಎಲ್ಲಿ ಹೋಯಿತೋ ತಿಳಿಯದು"
ಎಂದು ಅವನ ಸೊಟ್ಟ ಅಕ್ಷರದಲ್ಲೇ ಇದೆ.

ಅವನ ಹಿಂದೆ ಹೋಗುತ್ತೀಯಾ ಅನ್ನುತ್ತೀ.
ಹೋಗುತ್ತೇನೆ. ಕಣ್ಣು ಮುಚ್ಚಿ ಅಲ್ಲ, ಎರಡು ಹೆಜ್ಜೆ ಬಿಟ್ಟು.
ಅವನ ಮುಂದೆ ಯಾರೋ ನಡೆಯುತ್ತಿದ್ದಾರೆ ಅನ್ನುವ ಹಾಗೆ
ಆಗಾಗ ನಿಂತು ನೋಡುತ್ತಾನೆ. ನಾನೂ ನಿಲ್ಲುತ್ತೇನೆ.
ಗಾಡ್ಸ್‌ವೇ ಎಂದೂ ನಿಂತದ್ದು ಕಾಣೆ.

ತಗೋ, ಈ ಮೀನು ತಿನ್ನು, ಮುಳ್ಳು ಜೋಪಾನ.
ಅಗೋ, ಆ ನೀಲಿ ದೋಣಿಯ ಮೂತಿಗೆ
ಈಗ ಕ್ವೆಸಿ ಕೂರುತ್ತಾನೆ.
ಉಳಿದೊಂದು ಕಿವಿಯನ್ನು ಹುಟ್ಟಿಗಿಟ್ಟರೆ
ಗಾಳಿಯೂ ಕೇಳದು, ನಾವು ಕೂಗಿದರೂ ಕೇಳದು.
ಈ ತಿಂಗಳು ಮೂರು ಸಲ ತಪ್ಪಿದ.
ಬರಿಬಲೆ ಎಳೆಯುವಾಗ
ತಪ್ಪಿದೆ ಎಂದು ತಾನೇ ಹೇಳಿದನಂತೆ.

ನಾಳೆ ನಸುಕಿಗೆ ದೋಣಿ ಇಳಿಯುತ್ತದೆ.
ಹನ್ನೆರಡು ಜನ ಉಸಿರು ಬಿಗಿಹಿಡಿದು ಕೂರುತ್ತಾರೆ.